ಶೂಟಿಂಗ್‌ಗೆ ಹದಿನೈದು ದಿನ ಇರುವಾಗ ಕರೆಯಬೇಡಿ

ಚಿತ್ರಕಥೆ ಮುಗಿದು, ನಟರ ಡೇಟ್ಸ್ ಸಿಕ್ಕಿ, ಲೊಕೇಶನ್‌ಗೆ ಅಡ್ವಾನ್ಸ್ ಕೊಟ್ಟಾದ ಮೇಲೆ ಸ್ಕ್ರಿಪ್ಟ್ ನೋಡಿಕೊಡುವ ಟ್ರಾನ್ಸ್ ಸಲಹೆಗಾರರಿಗೆ ಬರುವ ಕೋರಿಕೆ ಯಾವಾಗಲೂ ಒಂದೇ: 'ಟ್ರಾನ್ಸ್ ಪಾತ್ರ ಒಂದಿದೆ, ತುಂಬಾ ಗೌರವದಿಂದ ಬರೆದಿದ್ದೇವೆ. ನೋವಾಗುವ ಮಾತಿದ್ದರೆ ತೆಗೆದುಕೊಡಿ.' ಮಾತು ತೆಗೆಯಲು ಒಂದು ಮಧ್ಯಾಹ್ನ ಸಾಕು. ಆದರೆ ಟ್ರಾನ್ಸ್ ಪ್ರೇಕ್ಷಕರಿಗೆ ಬೇಸರ ತರುವುದು ಹೆಚ್ಚಿನ ಸಲ ಸೀನುಗಳ ಜೋಡಣೆ. ಆ ಹಂತದಲ್ಲಿ ಅದನ್ನು ಮುಟ್ಟಲು ಯಾರೂ ಬಿಡುವುದಿಲ್ಲ.

ಒನ್‌ಲೈನ್ ಆರ್ಡರ್, ಅಂದರೆ ಪ್ರತಿ ಸೀನನ್ನೂ ಒಂದೊಂದು ಸಾಲಿನಲ್ಲಿ ಬರೆದ ಪಟ್ಟಿ, ತೆಗೆದುಕೊಳ್ಳಿ. ಆ ಪಾತ್ರ ಇರುವ ಸೀನುಗಳಿಗೆಲ್ಲ ಗುರುತು ಹಾಕಿ. ಕನ್ನಡಿ ಮುಂದೆ ಸೀರೆ ಉಡುವುದು, ಅಪ್ಪ ಹೊಡೆಯುವುದು, ಆಪರೇಷನ್, ಗುಟ್ಟು ಬಯಲಾಗುವುದು, ಹೀಗೆ ಲಿಂಗತ್ವವೇ ವಿಷಯವಾದ ಸೀನುಗಳನ್ನು ಹೊಡೆದುಹಾಕಿ. ಏನು ಉಳಿಯಿತು? ಏನೂ ಉಳಿಯದಿದ್ದರೆ ನಿಮ್ಮ ಬಳಿ ಇರುವುದು ಒಂದು ಸಮಸ್ಯೆಯ ವಿವರಣೆ, ಪಾತ್ರವಲ್ಲ. ಅಲ್ಲಿಗೆ ಎಷ್ಟು ಗೌರವ ಸುರಿದರೂ ಪ್ರಯೋಜನವಿಲ್ಲ. ಅವಳಿಗೆ ಬಾಡಿಗೆ ಕಟ್ಟುವ ಚಿಂತೆ ಇದೆಯೇ? ಗೆಳತಿಯ ಜೊತೆ ಜಗಳವಿದೆಯೇ? ಕಥೆಯನ್ನು ತಿರುಗಿಸುವ ಒಂದಾದರೂ ತೀರ್ಮಾನ ಅವಳದ್ದೇ? 2023ರ 'ಮೇಡ್ ಇನ್ ಹೆವನ್' ಸರಣಿಯ ಎರಡನೇ ಭಾಗದಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಓದಿದ ತ್ರಿನೇತ್ರಾ ಹಲ್ದಾರ್ ಗುಮ್ಮರಾಜು ಮಾಡಿದ ಟ್ರಾನ್ಸ್ ಪಾತ್ರ ಮೆಹರ್, ಮದುವೆ ಏರ್ಪಡಿಸುವ ಕಂಪನಿಯಲ್ಲಿ ಪ್ರೊಡಕ್ಷನ್ ಮುಖ್ಯಸ್ಥೆ. ಆಕೆಗೆ ಮಾಡಲು ಕೆಲಸವಿದೆ. ಬರೆಯುವವರು ಗಮನಿಸಬೇಕಾದದ್ದು ಅದನ್ನೇ.

ಸಹಾನುಭೂತಿ ಸಾಲದು ಎಂಬುದಕ್ಕೆ 2019ರ ತಮಿಳು ಚಿತ್ರ 'ಸೂಪರ್ ಡೀಲಕ್ಸ್' ನೋಡಿ. ವಿಜಯ್ ಸೇತುಪತಿ ಮಾಡಿದ ಶಿಲ್ಪಾ ಎಂಬ ಟ್ರಾನ್ಸ್ ಮಹಿಳೆಯ ಪಾತ್ರಕ್ಕೂ, ಮಗನ ಜೊತೆಗಿನ ಸೀನುಗಳಿಗೂ ಜನ ಮೆಚ್ಚುಗೆ ಸುರಿಸಿದರು. ಆದರೆ ಶಿಲ್ಪಾ ತಾನು ಮಕ್ಕಳ ಅಪಹರಣದಲ್ಲಿ ಭಾಗಿಯಾಗಿದ್ದೆ ಎಂದು ಒಪ್ಪಿಕೊಳ್ಳುವ ಸೀನಿಗೆ ಟ್ರಾನ್ಸ್ ಸಮುದಾಯದಿಂದ ಆಕ್ಷೇಪ ಬಂತು. ಹಿಂದಿನ ವರ್ಷದ ಮೇ ತಿಂಗಳಲ್ಲಷ್ಟೇ ಹೈದರಾಬಾದಿನಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಒಬ್ಬ ಟ್ರಾನ್ಸ್ ಮಹಿಳೆಯನ್ನು ಹೊಡೆದು ಕೊಂದಿತ್ತು. ಬರಹಗಾರನಿಗೆ ಅದು ಪಶ್ಚಾತ್ತಾಪದ ಸೀನು. ಸಿನಿಮಾ ಮುಗಿಸಿ ರಾತ್ರಿ ಬಸ್ ಹತ್ತಬೇಕಾದವಳಿಗೆ ಅದು ಮೈಮೇಲೆ ಬೀಳಬಹುದಾದ ಏಟು.

ದೇಹದ ವಿವರದಲ್ಲಂತೂ ತಪ್ಪು ಮತ್ತೆ ಮತ್ತೆ ಅದೇ. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿ ತೆರೆಯುವಷ್ಟರಲ್ಲಿ ತೆಳು ಕಂಠ, ನುಣುಪು ಕೆನ್ನೆ! ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವ ಈಸ್ಟ್ರೊಜೆನ್ ಹಾರ್ಮೋನ್ ದನಿಯನ್ನು ಬದಲಿಸುವುದಿಲ್ಲ. ಅದಕ್ಕೆ ಅಭ್ಯಾಸ ಬೇಕು. ಗಡ್ಡ ಹೋಗಲು ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್, ಅದೂ ಹಲವು ಸಲ. ಎದೆಯ ಬೆಳವಣಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಶುರುವಾಗಿ ವರ್ಷಗಳವರೆಗೆ ಸಾಗುತ್ತದೆ. ಟ್ರಾನ್ಸ್ ಪುರುಷರಲ್ಲಿ ಟೆಸ್ಟೊಸ್ಟೆರಾನ್‌ನಿಂದ ಕೆಲವೇ ತಿಂಗಳಲ್ಲಿ ದನಿ ಒಡೆಯತೊಡಗುತ್ತದೆ, ಒಡೆದ ದನಿ ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ಆದರೆ ಟ್ರಾನ್ಸ್ ಪುರುಷರನ್ನು ನಮ್ಮ ಕಥೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಲ್ಲರೂ ಆಪರೇಷನ್ ಮಾಡಿಸಿಕೊಳ್ಳುವುದೂ ಇಲ್ಲ. ಸ್ಕ್ರಿಪ್ಟಿನ ಸನ್ನಿವೇಶ ವಿವರಣೆಯಲ್ಲೂ ಆಪರೇಷನ್ ತನಕ 'ಬಂದ', ನಂತರ 'ಬಂದಳು' ಎಂದು ಬರೆಯಬೇಡಿ. ನಟನಿಂದ ಕಾಸ್ಟ್ಯೂಮ್‌ನವರ ತನಕ ಎಲ್ಲರೂ ಓದುವುದು ಅದನ್ನೇ.

ಯಾರು ನಟಿಸಬೇಕು ಎಂಬಲ್ಲಿ ಸಮುದಾಯಕ್ಕೆ ಒಂದೇ ಅಭಿಪ್ರಾಯವಿಲ್ಲ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಟ್ರಾನ್ಸ್ ಅಲ್ಲದ ನಟ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಆ ಅಭಿನಯವನ್ನು ಮನಸಾರೆ ಮೆಚ್ಚುವವರಿದ್ದಾರೆ. ಅವಕಾಶವೇ ಸಿಗದ ಟ್ರಾನ್ಸ್ ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ ಎತ್ತುವವರೂ ಇದ್ದಾರೆ. ಎರಡನ್ನೂ ಒಬ್ಬರೇ ಹೇಳುವುದೂ ಉಂಟು. ಹಮಾಮಿನಲ್ಲಿ (ಸಮುದಾಯದವರೇ ನಡೆಸುವ, ಒಟ್ಟಿಗೆ ವಾಸಿಸುವ ಸ್ನಾನಗೃಹ) ಗುರುವಿನ ಜೊತೆ ಬದುಕುವವರು, ಬಳ್ಳಾರಿ ಕಡೆಯ ಜೋಗತಿ, ಬೆಂಗಳೂರಿನ ಐಟಿ ಉದ್ಯೋಗಿ ಒಂದೇ ಸಿನಿಮಾವನ್ನು ಒಂದೇ ರೀತಿ ನೋಡುವುದಿಲ್ಲ. ಆದ್ದರಿಂದ ಒಬ್ಬರನ್ನು ಕೇಳಿ 'ಸಮುದಾಯ ಒಪ್ಪಿದೆ' ಎನ್ನಬೇಡಿ.

ಕನಿಷ್ಠ ಇಬ್ಬರನ್ನಾದರೂ ಕರೆಯಿರಿ, ಪಾತ್ರದ ಹಿನ್ನೆಲೆಗೆ ಹತ್ತಿರವಿರುವವರನ್ನು. ಒನ್‌ಲೈನ್ ಹಂತದಲ್ಲಿ ಒಮ್ಮೆ, ಸಂಭಾಷಣೆ ಮುಗಿದಾಗ ಒಮ್ಮೆ, ಡಬ್ಬಿಂಗ್‌ಗೆ ಮುನ್ನ ಎಡಿಟ್ ತೋರಿಸಿ ಇನ್ನೊಮ್ಮೆ. ಸಂಭಾವನೆಯನ್ನು ಮೊದಲೇ ಮಾತಾಡಿ, ಅರ್ಧವನ್ನು ಮುಂಗಡವಾಗಿ ಕೊಡಿ. ಟೈಟಲ್ ಕಾರ್ಡಿನಲ್ಲಿ ಯಾವ ಹೆಸರು ಹಾಕಬೇಕು, ಹೆಸರು ಬೇಕೇ ಬೇಡವೇ ಎಂಬುದನ್ನು ಅವರನ್ನೇ ಕೇಳಿ. ಮನೆಯವರಿಗೆ ಇನ್ನೂ ಹೇಳಿಕೊಳ್ಳದವರೂ ಅವರಲ್ಲಿರುತ್ತಾರೆ.