ನಡುಕದ ತಾಳ ಯಾರದು?

ನಮ್ಮ ತೋಟದ ಹಳೆಯ ವಿಲ್ಲಿಸ್ ಜೀಪಿಗೆ ಮಳೆಗಾಲದ ಮುನ್ನ ಇಂಜಿನ್ನನ್ನು ಗೇರ್‌ಬಾಕ್ಸಿಗೆ ಕೂಡಿಸಿ ಬಿಡಿಸುವ ಕ್ಲಚ್ಚಿನ ಪ್ಲೇಟು, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು ಎರಡನ್ನೂ ಹೊಸದಾಗಿ ಹಾಕಿಸಿದೆವು. ಕ್ಲಚ್ ಕೂರುವ, ಇಂಜಿನ್ನಿನ ಜೊತೆಗೇ ತಿರುಗುವ ಭಾರದ ಚಕ್ರವಾದ ಫ್ಲೈವೀಲನ್ನು ಲೇತಿಗೆ ಕೊಟ್ಟು ಮುಖ ನಯ ಮಾಡಿಸಿದ್ದೂ ಆಯಿತು. ತೋಟದ ಏರನ್ನು ಗಾಡಿ ಹೂವೆತ್ತಿದಂತೆ ಹತ್ತಿತು. ಆದರೆ ಮಡಿಕೇರಿಯಿಂದ ಇಳಿದು ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ ವೇಗ 45 ಕಿ.ಮೀ. ಮುಟ್ಟಿದ್ದೇ ತಡ, ಕಾಲಡಿಯ ತಗಡು ಝುಮ್ಮೆನ್ನತೊಡಗಿತು. ಗೇರ್ ಲಿವರ್ ಹಿಡಿದ ಅಂಗೈ ಜೋಮು ಹಿಡಿಯುವಷ್ಟು ನಡುಕ.

"ಕ್ಲಚ್ಚನ್ನು ಇನ್ನೊಮ್ಮೆ ಇಳಿಸಿ ನೋಡೋಣ ಅಣ್ಣಾ" ಎಂದರು ಮೇಸ್ತ್ರಿ. ಅವರ ಅನುಮಾನ ಸುಳ್ಳಲ್ಲ. ಫ್ಲೈವೀಲಿನ ನಡುವಿನಿಂದ 12 ಸೆಂ.ಮೀ. ದೂರದಲ್ಲಿ ಒಂದೇ ಪಕ್ಕಕ್ಕೆ 10 ಗ್ರಾಂ ಹೆಚ್ಚಿದ್ದರೆ ಸಾಕು, ನಿಮಿಷಕ್ಕೆ 1500 ಸುತ್ತಿನಲ್ಲಿ ಅದು ಸುಮಾರು 3 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. 3000 ಸುತ್ತಿಗೆ ಅದು 12 ಕಿಲೋ ಆಗುತ್ತದೆ, ಏಕೆಂದರೆ ಸುತ್ತು ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು.

ಆದರೆ ಗೇರ್‌ಬಾಕ್ಸ್ ಇಳಿಸುವುದೆಂದರೆ ಒಂದು ದಿನದ ಕೆಲಸ. ಅದಕ್ಕೆ ಮೊದಲು ನಡುಕ ಯಾರ ತಾಳಕ್ಕೆ ಕುಣಿಯುತ್ತಿದೆ ಎಂದು ಕೇಳಿಸಿಕೊಳ್ಳಲೇಬೇಕೆಂದು ನಾನು ಹಟ ಹಿಡಿದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಏರಿಸಿದೆವು. ಕ್ಲಚ್ ತುಳಿದರೂ ಬಿಟ್ಟರೂ ನಡುಕವಿಲ್ಲ. ಮತ್ತೆ ರಸ್ತೆಗೆ ಬಂದೆವು. ಈ ಜೀಪಿನ ಟಾಪ್ ಗೇರಿನಲ್ಲಿ ಇಂಜಿನ್ನೂ, ಅದರ ಬಲವನ್ನು ಚಕ್ರಗಳ ಕಡೆಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವುದರಿಂದ ಅಲ್ಲಿ ತಪ್ಪು ಯಾರದೆಂದು ಹೇಳಲಾಗದು. ಅದೇ 45ರಲ್ಲಿ ಎರಡನೇ ಗೇರಿಗೆ ಇಳಿಸಿದಾಗ ಇಂಜಿನ್ ಒಂದೂವರೆ ಪಟ್ಟು ಜೋರಾಗಿ ತಿರುಗಿತು, ನಡುಕ ಮಾತ್ರ ಇದ್ದಂತೆಯೇ ಇತ್ತು. ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರೂ ಅಷ್ಟೇ. (ಘಾಟಿಯ ಇಳಿಜಾರಿನಲ್ಲಿ ಇದನ್ನು ದಯವಿಟ್ಟು ಮಾಡಬೇಡಿ.)

ನಡುಕ ಕುಣಿಯುತ್ತಿದ್ದುದು ಇಂಜಿನ್ನಿನ ಸುತ್ತಿಗಲ್ಲ, ಗಾಡಿಯ ವೇಗಕ್ಕೆ. ಅಲ್ಲಿಗೆ ಕ್ಲಚ್ ನಿರ್ದೋಷಿ. ಚಕ್ರವೇ ಎಂದರೆ, ಆ ವೇಗದಲ್ಲಿ ಅದು ಸೆಕೆಂಡಿಗೆ ಐದಾರು ಸುತ್ತು ಮಾತ್ರ ತಿರುಗುತ್ತದೆ. ಅದರ ತಪ್ಪು ಕುಲುಕಾಟವಾಗಿ ತಿಳಿಯುತ್ತದೆ, ಝೇಂಕಾರವಾಗಿ ಅಲ್ಲ. ಉಳಿದದ್ದು ಚಕ್ರದ ಒಂದು ಸುತ್ತಿಗೆ ತಾನು ಐದು ಸುತ್ತು ತಿರುಗುವ ಪ್ರೊಪೆಲ್ಲರ್ ಶಾಫ್ಟ್.

ಶಾಫ್ಟಿನ ಎರಡೂ ತುದಿಗೆ ಒಂದೊಂದು ಕ್ರಾಸ್, ಅಂದರೆ ಎರಡು ಕವೆಗಳನ್ನು ಕೂಡಿಸುವ ಅಧಿಕ ಚಿಹ್ನೆಯಾಕಾರದ ತುಂಡು, ಇರುತ್ತದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ವಿವರಿಸಿದ ಜೋಡಣೆಯೇ ಇದು. ಓರೆಯಾಗಿ ತಿರುಗುವಾಗ ಇದಕ್ಕೊಂದು ವಿಚಿತ್ರ ಗುಣವಿದೆ: ಒಳಬರುವ ಸುತ್ತು ಸಮನಾಗಿದ್ದರೂ ಹೊರಹೋಗುವ ಸುತ್ತು ಸಮನಾಗಿರುವುದಿಲ್ಲ. 10 ಡಿಗ್ರಿ ಓರೆಯಿದ್ದರೆ ಪ್ರತಿ ಸುತ್ತಿನಲ್ಲೂ ಎರಡು ಸಲ ಶೇಕಡಾ ಒಂದೂವರೆಯಷ್ಟು ಮುಂದೋಡಿ, ಎರಡು ಸಲ ಅಷ್ಟೇ ಹಿಂದುಳಿಯುತ್ತದೆ. ಮೊದಲ ಕ್ರಾಸ್ ಮಾಡಿದ ಏರುಪೇರನ್ನು ಎರಡನೆಯದು ಅಳಿಸಬೇಕಾದರೆ ಎರಡೂ ಕಡೆಯ ಓರೆ ಸಮನಾಗಿರಬೇಕು, ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಸಾಲಿನಲ್ಲಿರಬೇಕು. ಸಾಲು ತಪ್ಪಿದರೆ ಏರುಪೇರು ಅಳಿಯದೆ ಉಳಿಯುತ್ತದೆ. ನಮ್ಮ ಜೀಪಿನಲ್ಲಿ ಸೆಕೆಂಡಿಗೆ ಸುಮಾರು ಅರವತ್ತು ಬಾರಿ.

ಜೀಪಿನ ಕೆಳಗೆ ಮಲಗಿ, ಸೀಮೆಎಣ್ಣೆ ಬಟ್ಟೆಯಿಂದ ಕೆಸರು, ಗ್ರೀಸು ಒರೆಸಿದೆವು. ಶಾಫ್ಟಿನ ಎರಡು ತುಂಡು ಹಲ್ಲಿಗೆ ಹಲ್ಲು ಕೂತು, ಉದ್ದ ಕುಗ್ಗಿ ಹಿಗ್ಗುವ ಜಾಗದಲ್ಲಿ ಎರಡು ಬಾಣದ ಗುರುತು. ಅವು ಎದುರುಬದುರು ಇರಲಿಲ್ಲ. ಕ್ಲಚ್ಚಿಗಾಗಿ ಶಾಫ್ಟ್ ಬಿಚ್ಚಿದಾಗ ಅದು ಎರಡಾಗಿ ಕಳಚಿ, ಮತ್ತೆ ಸೇರಿಸುವಾಗ ಹಲ್ಲು ತಪ್ಪಿ ಕೂತಿತ್ತು. ಮೇಸ್ತ್ರಿ ಮಾತನಾಡದೆ ಎಳೆದು, ತಿರುಗಿಸಿ, ಬಾಣಕ್ಕೆ ಬಾಣ ಕೂಡಿಸಿದರು. ಮತ್ತೆ ಕುಶಾಲನಗರದವರೆಗೆ ಹೋಗಿ ಬಂದೆವು, 55ರಲ್ಲೂ ತಗಡು ಸುಮ್ಮನಿತ್ತು. ಮರುದಿನ ನೋಡಿದರೆ, ಎರಡು ಬಾಣಗಳ ಮೇಲೂ ಹಾಯುವಂತೆ ಮೇಸ್ತ್ರಿ ಬಿಳಿ ಬಣ್ಣದ ಗೆರೆಯೊಂದನ್ನು ಎಳೆದಿದ್ದರು.