ಬಡ ಮರಳಿನ ಜೇಕು

ಜೇಕು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೆರೆಯಂಚು, ಗದ್ದೆಯ ಬದು. ಆದರೆ ಕೊನ್ನಾರಿ ಗಡ್ಡೆಯ ಕುಟುಂಬಕ್ಕೇ ಸೇರಿದ ಕ್ಯಾರೆಕ್ಸ್ ಎರಿಸೆಟೋರಮ್ ಎಂಬ ಜೇಕು ನೆಚ್ಚಿಕೊಂಡಿರುವುದು ನೀರು ನಿಲ್ಲದ, ಸಾರವಿಲ್ಲದ ನೆಲವನ್ನು. ಯುರೋಪಿನ ಒಣ ಪೈನ್ ಕಾಡುಗಳ ಮರಳು ಅದರ ನೆಲೆ. ಬ್ರಿಟನ್ನಿನಲ್ಲಿ ಇದು ಅಪರೂಪ. ಸುಣ್ಣಕಲ್ಲಿನ ಕೆಲವು ಹುಲ್ಲುಗಾವಲುಗಳನ್ನು ಬಿಟ್ಟರೆ ಪೂರ್ವ ಇಂಗ್ಲೆಂಡಿನ ನಾರ್ಫೋಕ್-ಸಫೋಕ್ ಗಡಿಯ ಬ್ರೆಕ್‌ಲ್ಯಾಂಡ್ ಎಂಬ ಬಯಲುಸೀಮೆಯಲ್ಲಿ ಉಳಿದಿದೆ. ಅಲ್ಲಿ ಕೆಳಗೆ ಸೀಮೆಸುಣ್ಣದ ಬಂಡೆ, ಮೇಲೆ ಗಾಳಿ ತಂದು ಹರಡಿದ ಮರಳು.

ಗಿಡದ ಎತ್ತರ ಹೆಚ್ಚೆಂದರೆ ಒಂದು ಗೇಣು. ದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಅಂಚು ತಾಗುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ತುದಿಗೆ ಒಂದು ಗಂಡು ತೆನೆ, ಅದರ ಕೆಳಗೇ ಅಂಟಿಕೊಂಡಂತೆ ಒಂದರಿಂದ ಮೂರು ಹೆಣ್ಣು ತೆನೆ. ಇದರ ಹತ್ತಿರದ ನಂಟ ಕ್ಯಾರೆಕ್ಸ್ ಕ್ಯಾರಿಯೋಫಿಲಿಯಾ ಕೂಡ ಅದೇ ಹುಲ್ಲಿನಲ್ಲಿ ಬೆಳೆಯುವುದರಿಂದ ಗುರುತು ತಪ್ಪುವುದು ಇಲ್ಲಿಯೇ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಹೆಣ್ಣು ಹೂವಿನ ಹೊರಪೊರೆ ನೋಡಬೇಕು. ಎರಿಸೆಟೋರಮ್‌ನದು ಕಡುಗಂದು, ತುದಿ ಮೊಂಡು, ಅಂಚಿಗೆ ಬಿಳಿಯ ಪಟ್ಟಿ, ಆ ಪಟ್ಟಿಗೆ ರೆಪ್ಪೆಯಂಥ ಸಣ್ಣ ಕೂದಲು. ನಂಟನ ಪೊರೆ ಚೂಪು, ನಡುವೆ ಹಸಿರು ಗೆರೆ. ತೆನೆ ಉದುರಿದ ಮೇಲೆ ಬರೀ ಎಲೆ ನೋಡಿ ಹೆಸರು ಹೇಳುವುದು ಬೇಡ.

ಇದಕ್ಕೆ ಕುತ್ತು ತರುವುದು ಬರವಲ್ಲ, ಗೊಬ್ಬರ. ವಾಹನಗಳ ಹೊಗೆ, ಕೊಟ್ಟಿಗೆಗಳ ಅಮೋನಿಯಾದಿಂದ ಗಾಳಿಯ ಮೂಲಕ ಸಾರಜನಕ ಮಣ್ಣಿಗಿಳಿದರೆ ಒರಟು ಹುಲ್ಲುಗಳು ಎತ್ತರಕ್ಕೆದ್ದು ಈ ಕುಳ್ಳ ಗಿಡದ ಬಿಸಿಲು ಕಸಿಯುತ್ತವೆ. ಮೊದಲು ಅವನ್ನು ಕಚ್ಚಿ ಕಚ್ಚಿ ಮೋಟಾಗಿಸುತ್ತಿದ್ದವು ಮೊಲಗಳು. 1953ರಲ್ಲಿ ಬ್ರಿಟನ್ನಿಗೆ ಬಂದ ಮಿಕ್ಸೊಮ್ಯಾಟೋಸಿಸ್ ರೋಗ ಅವುಗಳನ್ನೇ ಸವರಿಹಾಕಿತು. ಅದಕ್ಕೂ ಮುಂಚೆ, 1922ರಿಂದ, ಬ್ರೆಕ್‌ಲ್ಯಾಂಡಿನ ಥೆಟ್‌ಫರ್ಡ್‌ನಲ್ಲಿ ನೆಟ್ಟ ಪೈನ್ ತೋಪುಗಳು ಬಯಲನ್ನು ನುಂಗುತ್ತ ಬಂದಿದ್ದವು. ದಟ್ಟವಾಗಿ ನೆಟ್ಟ ತೋಪು ಸಹಜ ಪೈನ್ ಕಾಡಿನಂತಲ್ಲ, ಅದರಡಿ ಬೆಳಕೇ ಇಳಿಯದು.

ಹಾಗಾಗಿ ಬೇಲಿ ಕಟ್ಟಿ ಕೈಬಿಟ್ಟರೆ ಈ ಗಿಡ ಉಳಿಯುವುದಿಲ್ಲ. ಕುರಿ ಮೇಯಬೇಕು, ಇಲ್ಲವೇ ಕಾಯಿ ಮಾಗಿ ಉದುರಿದ ಮೇಲೆ ಹುಲ್ಲು ಕೊಯ್ಯಬೇಕು. ಮೇ ತಿಂಗಳಲ್ಲೇ ಕತ್ತರಿಸಿದರೆ ಆ ವರ್ಷದ ಬೀಜ ಹೋಯಿತು. ಕೊಯ್ದದ್ದನ್ನು ಅಲ್ಲೇ ಬಿಡುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅದು ಕೊಳೆತು ಮತ್ತೆ ಗೊಬ್ಬರವೇ ಆಗುತ್ತದೆ. ಮೇಲ್ಮಣ್ಣು ಕೆರೆದು ಮರಳು ತೆರೆಯುವುದಾದರೆ ಗಿಡವಿರುವ ಮೆತ್ತೆಯನ್ನು ಮುಟ್ಟದೆ ಅದರ ಪಕ್ಕದ ತುಣುಕನ್ನಷ್ಟೇ ಕೆರೆಯಬೇಕು: ಮಣ್ಣೊಳಗೆ ಹರಿಯುವ ಇದರ ಕಾಂಡ ಗಿಡ್ಡ, ದೂರಕ್ಕೆ ಚಾಚಿ ಹೊಸ ಜಾಗ ಹಿಡಿಯಲಾರದು.