ಬರ ಹಳೆಯದು, ರಾತ್ರಿಯ ಧಗೆ ಹೊಸದು

ಹವಾಮಾನ ನೋಡಿ ರೈತರಿಗೆ ಬಿತ್ತನೆಯ ಸಲಹೆ ಕೊಡುವುದು ನನ್ನ ಕೆಲಸ. ಹಿಂಗಾರಿಗೆ ಮುಂಚೆ ವಿಜಯಪುರ ಜಿಲ್ಲೆಯ ಹಳ್ಳಿಗಳಿಗೆ ಹೋಗುತ್ತೇನೆ. ಹೋದ ವರ್ಷ ಇಂಡಿ ಕಡೆಯ ಒಂದು ಊರಲ್ಲಿ ಗುಡಿಯ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ನಡುವೆಯೇ ತಡೆದರು.

"ಸಾಹೇಬ್ರ, ಬರ ಅನ್ನೂದು ನಮಗ ಹೊಸಾದೇನ್ರಿ? ನಮ್ಮ ಮುತ್ಯಾ ನೋಡ್ಯಾನ, ನಮ್ಮಪ್ಪ ನೋಡ್ಯಾನ. ಹವಾಮಾನ ಬದಲಾಗೇತಿ ಅಂತ ನೀವು ಈಗ ಹೇಳಾಕ ಹತ್ತೀರಿ."

ಕಟ್ಟೆ ಮೇಲಿದ್ದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಅವರು ಹೇಳಿದ್ದು ನಿಜ.

1791-92ರಲ್ಲಿ ಬಂದದ್ದನ್ನು ಡೋಗಿ ಬರ, ಅಂದರೆ ತಲೆಬುರುಡೆಯ ಬರ ಅನ್ನುತ್ತಾರೆ. ಸತ್ತವರನ್ನು ಮಣ್ಣು ಮಾಡಲು ಜನ ಸಾಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವು. 1876-78ರ ಬರ ಬಂದಾಗ ನಮ್ಮ ಭಾಗಕ್ಕೆ ಕಲಾದಗಿ ಜಿಲ್ಲೆ ಅಂತ ಹೆಸರಿತ್ತು. 1972ರ ಬರ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 1877, 1972, ಮೊನ್ನೆ ಮೊನ್ನೆಯ 2023, ಮೂರೂ ಎಲ್ ನಿನೊ ವರ್ಷಗಳು. ಪೆಸಿಫಿಕ್ ಸಾಗರದ ನೀರು ಬಿಸಿಯಾದಾಗ ನಮ್ಮ ಮುಂಗಾರು ಸೊರಗುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಅಂತ ಸಾರಿದರು. ಎಲ್ ನಿನೊ ಮನುಷ್ಯನ ಕೈಯಿಂದ ಹುಟ್ಟಿದ್ದಲ್ಲ. ಬರ ಬಂದಾಗಲೆಲ್ಲ ಜಾಗತಿಕ ತಾಪಮಾನದ ಹೆಸರು ಹೇಳುವ ನಮ್ಮಂಥವರಿಂದಲೇ ಜನರ ಅನುಮಾನ ಜಾಸ್ತಿಯಾಗಿದೆ ಅಂತ ನನಗೆ ಅನಿಸುತ್ತದೆ.

ಹಾಗಾದ್ರೆ ಬದಲಾವಣೆಯನ್ನು ಎಲ್ಲಿ ನೋಡಬೇಕು? ರಾತ್ರಿಯಲ್ಲಿ.

ನಮ್ಮ ವೀಕ್ಷಣಾಲಯದ ಅಂಗಳದಲ್ಲಿ ಎದೆಮಟ್ಟದ ಕಂಬಗಳ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ ಇದೆ. ಗಾಳಿ ಆಡುವಂತೆ ಸುತ್ತಲೂ ಓರೆ ಪಟ್ಟಿಗಳು. ಒಳಗೆ ಅಡ್ಡ ಮಲಗಿಸಿದ ಒಂದು ಥರ್ಮಾಮೀಟರಲ್ಲಿ ಪಾದರಸದ ಬದಲು ಸ್ಪಿರಿಟ್ ಇರುತ್ತದೆ. ಅದರೊಳಗೆ ಗುಂಡುಸೂಜಿಯಷ್ಟು ಸಣ್ಣ ಕಡ್ಡಿ. ರಾತ್ರಿ ತಂಪೇರಿದಂತೆ ಸ್ಪಿರಿಟ್ ಹಿಂದೆ ಸರಿಯುತ್ತದೆ, ಕಡ್ಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಬೆಳಗ್ಗೆ ಬಿಸಿಲೇರಿ ಸ್ಪಿರಿಟ್ ಮುಂದೆ ಬಂದರೂ ಕಡ್ಡಿ ಅಲ್ಲೇ ನಿಂತಿರುತ್ತದೆ. ರಾತ್ರಿಯ ಕನಿಷ್ಠ ಉಷ್ಣಾಂಶ ಅದೇ.

ಭಾರತ ಹವಾಮಾನ ಇಲಾಖೆಯ ಬಳಿ 1901ರಿಂದ ದೇಶದ ಉಷ್ಣಾಂಶದ ಲೆಕ್ಕ ಇದೆ. ಅಲ್ಲಿಂದ ಇಲ್ಲಿವರೆಗೆ 2024 ಅತಿ ಬಿಸಿಯ ವರ್ಷ. 1991-2020ರ ಸರಾಸರಿಗೆ ಹೋಲಿಸಿದರೆ ಆ ವರ್ಷ ಹಗಲಿನ ಗರಿಷ್ಠ ಉಷ್ಣಾಂಶ 0.20 ಡಿಗ್ರಿ ಏರಿತ್ತು. ರಾತ್ರಿಯ ಕನಿಷ್ಠ 0.90 ಡಿಗ್ರಿ. ಒಂದು ವರ್ಷದಿಂದ ಏನೂ ಸಾಬೀತಾಗುವುದಿಲ್ಲ, ಮೋಡವೂ ರಾತ್ರಿಯನ್ನು ಬಿಸಿ ಮಾಡುತ್ತದೆ. ಆದರೆ ಜಗತ್ತಿನ ಬಹುತೇಕ ನೆಲದ ಮೇಲೆ 1950ರ ನಂತರ ಹಗಲಿಗಿಂತ ರಾತ್ರಿಯೇ ಬೇಗ ಬಿಸಿಯಾಗಿದೆ.

ಕಟ್ಟೆ ಮೇಲೆ ನಾನು ಈ ಕಡ್ಡಿಯ ವಿಷಯ ಹೇಳಿ, ಆಮೇಲೆ ಕೌದಿಯ ಮಾತು ತೆಗೆದೆ. ಕೌದಿ ತಾನಾಗಿ ಬಿಸಿ ಕೊಡುವುದಿಲ್ಲ, ಮೈಯ ಕಾವನ್ನು ಹಿಡಿದಿಡುತ್ತದೆ. ಇನ್ನೊಂದು ಹಳೇ ಸೀರೆಯ ಪದರ ಸೇರಿಸಿ ಹೊಲಿದರೆ ಒಳಗೆ ಇನ್ನಷ್ಟು ಬೆಚ್ಚಗೆ. ಹಗಲೆಲ್ಲ ಕಾದ ಎರಿ ಭೂಮಿ ರಾತ್ರಿ ಆ ಕಾವನ್ನು ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅದನ್ನು ತಡೆಯುತ್ತದೆ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ.

"ಸೂರ್ಯಾನ ಜೋರಾಗಿರಬೇಕಲ್ರಿ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಸೂರ್ಯ ಜೋರಾಗಿದ್ದರೆ ಕೆಳಗಿನ ಗಾಳಿಯೂ ಮೇಲಿನ ಗಾಳಿಯೂ ಬಿಸಿಯಾಗಬೇಕಿತ್ತು. ಆದರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಮೇಲಿನ ಗಾಳಿ ದಶಕಗಳಿಂದ ತಂಪಾಗುತ್ತಿದೆ. ಊರು ಬೆಳೆದು, ಸಿಮೆಂಟು ಜಾಸ್ತಿಯಾಗಿ ಬಿಸಿ ಆಗಿರಬಹುದಲ್ವಾ ಅಂತಲೂ ಕೇಳುತ್ತಾರೆ. ಊರೊಳಗೆ ಅದೂ ಇದೆ. ಆದರೆ ಊರೇ ಇಲ್ಲದ ಅರಬ್ಬಿ ಸಮುದ್ರವೂ ಬಿಸಿಯಾಗಿದೆ.

ಇನ್ನು ಹೊಗೆಯ ಲೆಕ್ಕ. ನಮ್ಮ ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಅದರಲ್ಲಿನ 12 ಕಿಲೋ ಕಾರ್ಬನ್ ಉರಿದರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಗಾಳಿಯ ಆಕ್ಸಿಜನ್ ಸೇರಿಕೊಳ್ಳುವುದರಿಂದ. ರೈಲು ಖಾಲಿಯಾಗಿ ಹೋಗುತ್ತದೆ, ಅನಿಲ ಮೇಲೆ ಉಳಿಯುತ್ತದೆ.

ಮಾಲದಂಡಿ ಜೋಳ ಬೆಳೆಯುವವರಿಗೆ ಇದು ದೂರದ ಮಾತಲ್ಲ. ಹಿಂಗಾರಿ ಜೋಳಕ್ಕೆ ಚಳಿಗಾಲದ ತಂಪು ರಾತ್ರಿ ಬೇಕು. ಬೆಳೆ ಹಗಲು ಮಾಡಿಟ್ಟ ಆಹಾರದಲ್ಲಿ ಒಂದು ಪಾಲನ್ನು ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ. ರಾತ್ರಿ ಬೆಚ್ಚಗಾದಷ್ಟೂ ಆ ಖರ್ಚು ಜಾಸ್ತಿ. ಕಾಳು ತುಂಬುವ ದಿನಗಳೂ ಕಡಿಮೆಯಾಗುತ್ತವೆ. ತೆನೆ ನೋಡಲು ಚೆನ್ನಾಗಿಯೇ ಇರುತ್ತದೆ, ಕೈಯಲ್ಲಿ ಹಿಡಿದರೆ ತೂಕ ಇರುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಸಿವೋಟರ್ ಎಂಬ ಸಮೀಕ್ಷಾ ಸಂಸ್ಥೆ ಸೇರಿ ನಡೆಸಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಿಷಯ ವಿವರಿಸಿ ಕೇಳಿದಾಗ ಭಾರತದ ನೂರರಲ್ಲಿ 84 ಜನ ಭೂಮಿ ಬಿಸಿಯಾಗುತ್ತಿದೆ ಅಂದರು. ಅದಕ್ಕೆ ಮನುಷ್ಯ ಮುಖ್ಯ ಕಾರಣ ಅಂದವರು 57. ಆ ನಡುವಿನ ಅಂತರವೇ ನನ್ನ ಕಟ್ಟೆಯ ಮೇಲೂ ಕಾಣುತ್ತದೆ. ದ್ರಾಕ್ಷಿ ಬೆಳೆಗಾರ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ, ದಿನ ಹಿಂದೆ ಮುಂದೆ ಮಾಡುತ್ತಾನೆ, ಬಳ್ಳಿಗೆ ಪ್ಲಾಸ್ಟಿಕ್ ಹೊದಿಸುತ್ತಾನೆ, ಕೃಷಿ ಹೊಂಡ ತೋಡಿಸುತ್ತಾನೆ. ಬದಲಾವಣೆ ಅವನಿಗೆ ಗೊತ್ತು. ಮನುಷ್ಯ ಮಾಡಿದ್ದು ಅಂದ ಕೂಡಲೇ ತಪ್ಪು ತನ್ನ ತಲೆಗೆ ಬಂತು ಅಂತ ಹಿಂದೆ ಸರಿಯುತ್ತಾನೆ. ಆ ನೋವು ನ್ಯಾಯವಾದದ್ದು. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್, ಅಮೆರಿಕದಲ್ಲಿ ಸುಮಾರು 14 ಟನ್. ಇದನ್ನು ಮೊದಲು ಹೇಳಿದರೆ ಮುಂದಿನ ಮಾತು ಕೇಳುತ್ತಾರೆ. ನಾನು ಇದನ್ನು ಕಲಿಯಲು ಬಹಳ ವರ್ಷ ಬೇಕಾಯಿತು.

ಸಭೆ ಮುಗಿದ ಮೇಲೆ ಆ ಹಿರಿಯರು ಬಳಿ ಬಂದರು. "ಆ ಕಡ್ಡಿ ನಾ ನೋಡಬೇಕ್ರಿ."

"ಬರ್ರಿ ಕಾಕಾ, ಮುಂಜಾನೆ ಎಂಟೂವರೆಗೆ ಬರ್ರಿ."

ಮರುವಾರ ಬಸ್ಸಿನಲ್ಲಿ ಬಂದೇಬಿಟ್ಟರು. ಪೆಟ್ಟಿಗೆಯ ಬಾಗಿಲು ತೆಗೆದೆ. ಕನ್ನಡಕ ಒರೆಸಿಕೊಂಡು, ಬಗ್ಗಿ, ಕಡ್ಡಿ ನಿಂತ ಜಾಗವನ್ನು ತಾವೇ ಓದಿದರು. ಆಮೇಲೆ ನನ್ನ ಮುಖ ನೋಡಿದರು.

"ಇದು ಒಂದ ರಾತ್ರಿದಾತು. ನಮ್ಮಪ್ಪನ ಕಾಲದ್ದು ಐತೇನ್ರಿ?"

ಕಪಾಟಿನಿಂದ ಹಳೆಯ ರಿಜಿಸ್ಟರುಗಳನ್ನು ಇಳಿಸಿದೆ. ಧೂಳು ಕೊಡವಿ ಮೇಜಿನ ಮೇಲಿಟ್ಟೆ. ಮಧ್ಯಾಹ್ನದ ಬಸ್ಸು ಹೋಗುವವರೆಗೂ ಇಬ್ಬರೂ ಪುಟ ತಿರುವುತ್ತಾ ಕೂತೆವು.